ಮೋಟಾರಿನ ಬಾನೆಟ್ಟು ಮತ್ತು ಚದುರಂಗದ ಮಣೆ

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ಮೋಟಾರು ಎಂಜಿನ್ನಿನ ವಿಷಯ ಬರೆಯಹೊರಟರೆ ಓದುವವರು ಹುಬ್ಬೇರಿಸುವುದು ಸಹಜ. "ನಿನಗೇಕಯ್ಯಾ ಈ ಎಣ್ಣೆ ಮಸಿಯ ಸಹವಾಸ? ಪಂಪನ ಮೇಲೋ ವಚನಕಾರರ ಮೇಲೋ ಒಂದು ಲೇಖನ ಬರೆಯಬಾರದೆ?" ಎಂದು ಸಂಪಾದಕ ಮಂಡಲಿಯ ಮಿತ್ರನೇ ಕೇಳಿದನು. ಚದುರಂಗದ ಮೇಲೆ ಬರೆಯುತ್ತೇನೆಂದಿದ್ದರೆ ಅವನು ಸಂತೋಷದಿಂದ ಒಪ್ಪುತ್ತಿದ್ದನು. ಅದು ಬುದ್ಧಿವಂತರ ಆಟ, ರಾಜಮಹಾರಾಜರು ಮೆಚ್ಚಿದ ಆಟ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯ ನಡೆಯಿಂದಲೇ ಮಣೆಯ 64 ಮನೆಗಳನ್ನೂ ಒಂದೊಂದು ಸಲ ಮುಟ್ಟಿ ಬರುವ ಬಂಧಗಳನ್ನು ರಚಿಸಿದವರಲ್ಲವೆ? ಕಾರಿನ ಬಾನೆಟ್ಟಿನ ಕೆಳಗೆ ತಲೆ ತೂರಿಸುವುದಕ್ಕೆ ಅಂಥ ವಂಶಾವಳಿಯೇನೂ ಇಲ್ಲ. ಆದರೆ ಇವೆರಡರ ನಡುವೆ ನಾವು ಎಳೆದಿರುವ ಗೆರೆ ತಪ್ಪು ಗೆರೆಯೆಂಬುದೇ ನನ್ನ ಅಭಿಪ್ರಾಯ. ಎಂಜಿನ್ನನ್ನು ಹದಕ್ಕೆ ತರುವ ಕೆಲಸ, ಗ್ಯಾರೇಜಿನವರು ಟ್ಯೂನಿಂಗ್ ಎನ್ನುವ ಕೆಲಸ, ಕೈಗುಣದಿಂದ ಆಗುವಂಥದಲ್ಲ. ಮಣೆಯ ಮುಂದೆ ಕುಳಿತ ಒಳ್ಳೆಯ ಆಟಗಾರನು ಯಾವ ಬಗೆಯಲ್ಲಿ ಯೋಚಿಸುತ್ತಾನೋ ಅದೇ ಬಗೆಯ ಯೋಚನೆಯಿಂದ ಆಗುವಂಥದು. ಇದನ್ನು ನಾನು ಪುಸ್ತಕ ಓದಿ ತಿಳಿದವನಲ್ಲ. ನಮ್ಮ ತಂದೆಯವರ ಕಾರನ್ನು ಕೆಡಿಸಿ ತಿಳಿದವನು.

ನಮ್ಮ ಮನೆಯಲ್ಲಿ ಒಂದು ಹಳೆಯ ಅಂಬಾಸಿಡರ್ ಇದೆ. ತಂದೆಯವರು ಅದನ್ನು ಬಹುಕಾಲ ಬಾಡಿಗೆಗೆ ಓಡಿಸಿ ನಮ್ಮನ್ನೆಲ್ಲ ಸಾಕಿದರು. ಬಾಡಿಗೆಯ ಕಾಲ ಮುಗಿದು ಈಗ ಅದು ಮನೆಯ ಕೆಲಸಕ್ಕೆ ನಿಂತಿದೆ. ಈ ಜಾತಿಯ ಗಾಡಿಗಳು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ತಯಾರಾದವು. ನಮ್ಮದರಲ್ಲಿರುವುದು 1489 ಸಿ.ಸಿ.ಯ ಹಳೆಯ ಪೆಟ್ರೋಲ್ ಎಂಜಿನ್ನು: ನಾಲ್ಕು ಸಿಲಿಂಡರು, ಎಂಟು ವಾಲ್ವು. ಕಂಪ್ಯೂಟರಿನ ಗಾಳಿಯೂ ಸೋಕದ ಯಂತ್ರ. ಅದರ ಆರೋಗ್ಯವೆಲ್ಲ ಕೆಲವೇ ಅಳತೆಗಳಲ್ಲಿದೆ. ವಾಲ್ವಿನ ಮೇಲೆ ಬಿಡಬೇಕಾದ ಸಂದು, ಪ್ಲಗ್ಗಿನ ಸಂದು, ನಮ್ಮ ಕಡೆ ಡೆಲ್ಕೋ ಎಂದೇ ಕರೆಯುವ ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟಿನ ಸಂದು, ಕಿಡಿ ಹಾರುವ ಗಳಿಗೆ, ಕಟ್ಟಕಡೆಗೆ ಕಾರ್ಬ್ಯುರೇಟರಿನಲ್ಲಿ ಗಾಳಿಯೂ ಪೆಟ್ರೋಲೂ ಬೆರೆಯುವ ಪ್ರಮಾಣ. ಒಂದು ಸ್ಕ್ರೂಡ್ರೈವರು, ಒಂದೆರಡು ಸ್ಪ್ಯಾನರು ಮತ್ತು ತೆಳು ಉಕ್ಕಿನ ಎಲೆಗಳ ಫೀಲರ್ ಗೇಜು ಇದ್ದರೆ ಯಾರಾದರೂ ಇವನ್ನು ಮುಟ್ಟಬಹುದು. ಅಪಾಯವಿರುವುದೂ ಅಲ್ಲಿಯೇ.

ಬಿ.ಎ. ಮೊದಲ ವರ್ಷ ಮುಗಿದ ಬೇಸಿಗೆಯ ರಜೆ. ಎಂಜಿನ್ನು ನಿಂತಲ್ಲಿ ಓಡುವಾಗ ಮೇಲುಭಾಗದಿಂದ ಹೊಲಿಗೆಯಂತ್ರದಂತೆ ಟಿಕ್ ಟಿಕ್ ಸದ್ದು ಬರುತ್ತಿತ್ತು. ನನಗೆ ಅದು ಗಾಡಿಯ ಮುಪ್ಪಿನ ಕೆಮ್ಮಿನಂತೆ ಕೇಳಿಸಿತು. ತಂದೆಯವರು ಊರಲ್ಲಿಲ್ಲದ ದಿನ ಟ್ಯಾಪೆಟ್ಟಿನ ಮುಚ್ಚಳ ಬಿಚ್ಚಿ, ಸದ್ದು ಅಡಗುವವರೆಗೂ ಎಂಟೂ ವಾಲ್ವುಗಳ ಸಂದನ್ನು ಬಿಗಿ ಮಾಡಿದೆ. ಫೀಲರ್ ಗೇಜು ಡಬ್ಬಿಯಲ್ಲೇ ಇತ್ತು. ಕಿವಿಯಿರುವಾಗ ಗೇಜೇಕೆಂದು ನನ್ನ ಭಾವನೆ. ಗಾಡಿ ಸ್ಟಾರ್ಟ್ ಮಾಡಿದಾಗ ವೀಣೆಯ ಶ್ರುತಿಯಂತೆ ನಯವಾದ ಸದ್ದು. ತಂದೆಯವರು ಬಂದು ಕೇಳಿ, "ಪರವಾಗಿಲ್ಲವೋ!" ಎಂದರು. ಅಷ್ಟು ಹೆಮ್ಮೆ ನನಗೆ ಪರೀಕ್ಷೆಯ ಫಲಿತಾಂಶದಲ್ಲಿಯೂ ಆಗಿರಲಿಲ್ಲ.

ಆ ಸಂದು ಏಕಿರುತ್ತದೆಂಬುದನ್ನು ಇಲ್ಲಿ ಹೇಳಬೇಕು. ಎಂಜಿನ್ನು ಕಾದಾಗ ವಾಲ್ವಿನ ಕಡ್ಡಿ ಹಿಗ್ಗುತ್ತದೆ. ಹಿಗ್ಗಲು ಜಾಗವಿಲ್ಲದಿದ್ದರೆ ವಾಲ್ವು ತನ್ನ ಪೀಠದ ಮೇಲೆ ಪೂರ್ತಿ ಕೂರದೆ ಕೂದಲೆಳೆಯಷ್ಟು ಬಾಯಿ ಬಿಟ್ಟುಕೊಂಡೇ ಇರುತ್ತದೆ. ಉರಿಯುವ ಅನಿಲ ಆ ಬಿರುಕಿನಲ್ಲಿ ನುಗ್ಗಿ ಅಂಚನ್ನು ತಿನ್ನುತ್ತದೆ. ಹೊಗೆ ಹೊರಹೋಗುವ ಎಕ್ಸಾಸ್ಟ್ ವಾಲ್ವಿಗಂತೂ ಪೀಠದ ಮೇಲೆ ಕೂರುವ ಆ ಒಂದು ಕ್ಷಣವೇ ಮೈಯ ಬಿಸಿಯನ್ನು ಇಳಿಸಿಕೊಳ್ಳುವ ಅವಕಾಶ. ಅದನ್ನು ಕಸಿದುಕೊಂಡರೆ ಅದು ಸುಟ್ಟುಹೋಗುತ್ತದೆ. ನಮ್ಮ ಎಂಜಿನ್ನಿಗೆ ಬಿಡಬೇಕಾದ ಸಂದು 15 ಥೌ, ಎಂದರೆ ಅಂಗುಲದ ಸಾವಿರದಲ್ಲಿ 15 ಪಾಲು. ಮಿಲಿಮೀಟರಿನ ಲೆಕ್ಕದಲ್ಲಿ ಸುಮಾರು 0.38. ನಾನು ಕೆಡುಕೆಂದು ತಿಳಿದ ಆ ಟಿಕ್ ಟಿಕ್ ಈ ಸಂದಿನದೇ ದನಿ.

ಕೆಲವು ವಾರ ಎಲ್ಲವೂ ಸುಖವಾಗಿತ್ತು. ಆಮೇಲೆ ಗಾಡಿ ನಿಂತಲ್ಲಿ ಮಿಸ್ ಹೊಡೆಯತೊಡಗಿತು. ಕಾರ್ಬ್ಯುರೇಟರಿನ ದೋಷವಿರಬೇಕೆಂದು ಅದರ ಸ್ಕ್ರೂ ತಿರುಗಿಸಿದೆ. ಸರಿಹೋಗಲಿಲ್ಲ. ಪಾಯಿಂಟನ್ನು ಬಿಚ್ಚಿ ಉಜ್ಜುಕಾಗದ ಹಾಕಿ ಉಜ್ಜಿದೆ. ಡೆಲ್ಕೋವನ್ನು ಸಡಿಲಿಸಿ ಆಚೆಗಿಷ್ಟು ಈಚೆಗಿಷ್ಟು ತಿರುಗಿಸಿದೆ. ಒಂದೇ ಸಂಜೆಯಲ್ಲಿ ಇಷ್ಟೂ ಆಯಿತು. ಕೊನೆಗೆ ಯಾವುದು ಎಲ್ಲಿತ್ತೆಂಬುದು ನನಗೇ ತಿಳಿಯದಂತಾಯಿತು. ಎರಡು ದಿನದ ಮೇಲೆ ತಂದೆಯವರು ಅಜ್ಜಿಯನ್ನು ಕಣ್ಣಿನ ಆಪರೇಷನ್ನಿಗೆ ಕರೆದುಕೊಂಡು ಹೊರಟರು. ಊರ ಹೊರಗಿನ ಏರಿನಲ್ಲಿ ಗಾಡಿ ಅರ್ಧಕ್ಕೆ ನಿಂತುಬಿಟ್ಟಿತು. ಎಂಬತ್ತು ದಾಟಿದ ಅಜ್ಜಿ ಬಿಸಿಲಿನಲ್ಲಿ ರಸ್ತೆಯ ಬದಿಯ ಕಲ್ಲಿನ ಮೇಲೆ ಕುಳಿತು ಬಸ್ಸಿಗೆ ಕಾದರು.

ತಂದೆಯವರು ನನ್ನನ್ನು ಬಯ್ಯಲಿಲ್ಲ. "ನಾಳೆ ಮೇಸ್ತ್ರಿ ಹತ್ತಿರ ಹೋಗು. ಅವರು ಕೆಲಸ ಮಾಡೋವಾಗ ಲೈಟು ಹಿಡ್ಕೊ" ಎಂದಷ್ಟೇ ಹೇಳಿದರು.

ಆ ವೃದ್ಧ ಮೇಸ್ತ್ರಿ ತಂದೆಯವರ ಹಳೆಯ ಸ್ನೇಹಿತರು. ಗಾಡಿಯನ್ನು ಎಳೆಸಿ ತಂದು ನಿಲ್ಲಿಸಿದಾಗ ಅವರು ಬಾನೆಟ್ಟನ್ನು ತೆರೆಯಲೂ ಇಲ್ಲ. ಬೀಡಿ ಹಚ್ಚಿಕೊಂಡು ನನ್ನನ್ನು ಕೇಳಿದರು: "ಏನೇನು ಮುಟ್ಟಿದೆ ಹೇಳಪ್ಪಾ. ಯಾವುದು ಮೊದಲು, ಯಾವುದು ಆಮೇಲೆ?"

ನಾನು ನಿರುತ್ತರನಾದೆ. ಈ ನಿರುತ್ತರದಲ್ಲಿ ನನಗಾದ ನಾಚಿಕೆಯನ್ನು ಚದುರಂಗ ಆಡುವ ಮಿತ್ರರು ಮಾತ್ರ ಪೂರ್ತಿ ಅರಿಯಬಲ್ಲರು. ಅಂತರ ಕಾಲೇಜು ಪಂದ್ಯಗಳಲ್ಲಿ ಮಣೆಯ ಪಕ್ಕದಲ್ಲಿ ಹಾಳೆಯಿಟ್ಟುಕೊಂಡು ನನ್ನ ನಡೆಯನ್ನೂ ಎದುರಾಳಿಯ ನಡೆಯನ್ನೂ ಒಂದನ್ನೂ ಬಿಡದೆ ಬರೆದುಕೊಳ್ಳುವವನು ನಾನು. ಅದು ಅಲ್ಲಿ ಕಡ್ಡಾಯ. ಸೋತ ಆಟವನ್ನು ರಾತ್ರಿ ಹಾಸ್ಟೆಲಿನಲ್ಲಿ ಮತ್ತೆ ಆಡಿ ನೋಡಿ, ಹದಿನಾಲ್ಕನೆಯ ನಡೆಯಲ್ಲಿ ಕೆಟ್ಟೆ ಎಂದು ಹೇಳಬಲ್ಲೆ. ಹತ್ತು ರೂಪಾಯಿಯ ಮರದ ಕಾಯಿಗಳಿಗೆ ಕೊಟ್ಟ ಮರ್ಯಾದೆಯನ್ನು ಅಪ್ಪನ ಅನ್ನದ ಗಾಡಿಗೆ ಕೊಡಲಿಲ್ಲ.

ಪ್ಲಗ್ಗು ಬಿಚ್ಚಿ ಕಂಪ್ರೆಷನ್ ನೋಡಿದಾಗ ಮೂರನೆಯ ಸಿಲಿಂಡರಿನಲ್ಲಿ ಉಸಿರೇ ಇರಲಿಲ್ಲ. ಹೆಡ್ಡು ಇಳಿಸಿದರು. ಮುಂದಿನಿಂದ ಎಣಿಸಿದರೆ ಐದನೆಯ ವಾಲ್ವು, ಆ ಸಿಲಿಂಡರಿನ ಎಕ್ಸಾಸ್ಟು, ಅಂಚಿನಲ್ಲಿ ಇಲಿ ಕಡಿದ ರೊಟ್ಟಿಯಂತಾಗಿತ್ತು. ನಾಲ್ಕನೆಯದೂ ಐದನೆಯದೂ ಎಕ್ಸಾಸ್ಟ್ ವಾಲ್ವುಗಳೇ, ಮಗ್ಗುಲಲ್ಲೇ ಇರುವಂಥವು. ಎರಡರ ಹೊಗೆಗೂ ಒಂದೇ ದಾರಿ. ಬಿಸಿ ಹೆಚ್ಚಾಗುವ ಜಾಗ. ಮೇಸ್ತ್ರಿ ಅದನ್ನು ನನ್ನ ಅಂಗೈಯಲ್ಲಿಟ್ಟು, "ಸದ್ದು ಮಾಡೋ ವಾಲ್ವು ಕೆಡಲ್ಲಪ್ಪಾ. ಸುಮ್ಮನಿರೋದೇ ಸುಡೋದು" ಎಂದರು.

ನನಗೆ ಆಗ ನೆನಪಾದದ್ದು 1972ರ ಒಂದು ಆಟ. ಐಸ್‌ಲೆಂಡಿನ ರೇಕ್ಯಾವಿಕ್ ನಗರದಲ್ಲಿ ವಿಶ್ವ ಚಾಂಪಿಯನ್ ಪಟ್ಟಕ್ಕಾಗಿ ಬಾಬಿ ಫಿಷರನೂ ಬೋರಿಸ್ ಸ್ಪಾಸ್ಕಿಯೂ ಆಡಿದ ಮೊದಲನೆಯ ಆಟ. ಇಬ್ಬರಿಗೂ ಸಮನಾಗಿ ಮುಗಿಯಬಹುದಾಗಿದ್ದ ಸ್ಥಿತಿಯಲ್ಲಿ ಮಣೆಯ ಮೂಲೆಯ ಪಕ್ಕ ಒಂದು ಕಾಲಾಳು ಕಾವಲಿಲ್ಲದೆ ನಿಂತಿತ್ತು. ಫಿಷರನು ತನ್ನ ಒಂಟೆಯಿಂದ ಅದನ್ನು ಹೊಡೆದನು. ಸ್ಪಾಸ್ಕಿ ಪಕ್ಕದ ಕಾಲಾಳನ್ನು ಒಂದು ಮನೆ ಮುಂದಿಟ್ಟನು. ಒಂಟೆಗೆ ಹಿಂದಿರುಗುವ ದಾರಿ ಮುಚ್ಚಿತು. ಫಿಷರನು ಆ ಆಟವನ್ನು ಸೋತನು. (ಪಂದ್ಯವನ್ನು ಕಡೆಗೆ 12½–8½ ಅಂತರದಲ್ಲಿ ಅವನೇ ಗೆದ್ದನು, ಆ ಮಾತು ಬೇರೆ.) ನಾನು ಅಡಗಿಸಿದ ಆ ಟಿಕ್ ಟಿಕ್ ಸದ್ದು ಅಂಥ ಬಿಟ್ಟಿ ಕಾಲಾಳು. ಹೊಡೆದುಕೊಂಡ ಕ್ಷಣದಲ್ಲಿ ಲಾಭ ಕಣ್ಣಿಗೆ ಕಾಣುತ್ತದೆ, ಅಪ್ಪನೂ ಮೆಚ್ಚುತ್ತಾನೆ. ಬೆಲೆ ಕಟ್ಟಬೇಕಾದದ್ದು ಎಷ್ಟೋ ನಡೆಗಳ ಆಚೆ, ಊರ ಹೊರಗಿನ ಏರಿನಲ್ಲಿ.

ಎರಡು ದಿನ ಲೈಟು ಹಿಡಿದು ನಿಂತು ನಾನು ಕಂಡದ್ದು ಮುಖ್ಯವಾಗಿ ಕ್ರಮ. ಮೇಸ್ತ್ರಿ ಕಾರ್ಬ್ಯುರೇಟರಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ವಾಲ್ವು ಕೂರಿಸಿ, ಹೆಡ್ಡು ಬಿಗಿದು, ಮೊದಲು ಸಂದುಗಳು, ಆಮೇಲೆ ಪ್ಲಗ್ಗು, ಆಮೇಲೆ ಪಾಯಿಂಟು, ಅದರ ಮೇಲೆ ಟೈಮಿಂಗು, ಎಲ್ಲಕ್ಕೂ ಕೊನೆಗೆ ಕಾರ್ಬ್ಯುರೇಟರು. ಇದು ಸಂಪ್ರದಾಯಕ್ಕಾಗಿ ಇಟ್ಟುಕೊಂಡ ಕ್ರಮವಲ್ಲ. ಪಾಯಿಂಟುಗಳು ಬಾಯಿ ತೆರೆದ ಗಳಿಗೆಯಲ್ಲೇ ಕಿಡಿ ಹಾರುವುದು. ಆದುದರಿಂದ ಅವುಗಳ ಸಂದನ್ನು ದೊಡ್ಡದು ಮಾಡಿದರೆ ಅವು ಬೇಗ ತೆರೆಯುತ್ತವೆ, ಕಿಡಿಯೂ ಬೇಗ ಹಾರುತ್ತದೆ. ಟೈಮಿಂಗನ್ನು ಮೊದಲು ಸರಿಮಾಡಿ ಆಮೇಲೆ ಪಾಯಿಂಟಿಗೆ ಕೈಹಾಕಿದವನು ಮಾಡಿದ ಕೆಲಸವನ್ನು ತಾನೇ ಅಳಿಸಿದಂತೆ. ಅದೇ ರೀತಿ ಕಿಡಿಯೇ ತಪ್ಪು ಗಳಿಗೆಯಲ್ಲಿ ಹಾರುತ್ತಿರುವಾಗ ಪೆಟ್ರೋಲಿನ ಪ್ರಮಾಣ ತಿದ್ದುವವನು ಸುಳ್ಳು ಸಾಕ್ಷಿಯ ಮೇಲೆ ತೀರ್ಪು ಕೊಡುತ್ತಾನೆ. ಚದುರಂಗದಲ್ಲಿ ಕುದುರೆ ಒಂಟೆಗಳನ್ನು ಹೊರಡಿಸದೆ, ರಾಜನಿಗೆ ಕೋಟೆ ಕಟ್ಟದೆ, ಎರಡನೆಯ ನಡೆಗೇ ಮಂತ್ರಿಯನ್ನು ಕುಣಿಸುತ್ತ ಹೊರಡುವ ಹೊಸಬನನ್ನು ನಾವೆಲ್ಲ ನೋಡಿ ನಕ್ಕಿದ್ದೇವೆ. ಕಾರ್ಬ್ಯುರೇಟರೆಂಬುದು ಬಾನೆಟ್ಟಿನ ಕೆಳಗಿನ ಮಂತ್ರಿ. ಕೈಗೆ ಸುಲಭವಾಗಿ ಸಿಕ್ಕುತ್ತದೆ, ತಿರುಗಿಸಿದೊಡನೆ ಸದ್ದು ಬದಲಾಗುತ್ತದೆ. ಎಲ್ಲಿಂದಲೋ ಗಾಳಿ ಸೋರುತ್ತಿದ್ದರೆ ಪೆಟ್ರೋಲು ಹೆಚ್ಚಿಸಿ ಆ ದೋಷವನ್ನು ಕೆಲವು ದಿನ ಮುಚ್ಚಲೂಬಹುದು. ಅದರಿಂದಲೇ ಎಲ್ಲರೂ ಮೊದಲು ಅದರ ಮೇಲೆ ಬೀಳುವುದು.

ವಾಲ್ವಿನ ಸಂದು ನೋಡುವಾಗ ಮೇಸ್ತ್ರಿ ನನಗೆ ಒಂದು ಲೆಕ್ಕ ಹೇಳಿಕೊಟ್ಟರು. ಎಂಟು ವಾಲ್ವುಗಳಿಗೆ ಮುಂದಿನಿಂದ 1, 2, 3 ಎಂದು ಅಂಕಿ ಕೊಡಿ. ಎಂಜಿನ್ನನ್ನು ಕೈಯಿಂದ ತಿರುಗಿಸುತ್ತ ಹೋಗಿ. ಒಂದನೆಯ ವಾಲ್ವು ಪೂರ್ತಿ ಕೆಳಗಿಳಿದಾಗ ಎಂಟನೆಯದರ ಸಂದು ನೋಡಬೇಕು. ಮೂರನೆಯದು ಇಳಿದಾಗ ಆರನೆಯದು. ಐದನೆಯದು ಇಳಿದಾಗ ನಾಲ್ಕನೆಯದು. ಯಾವಾಗಲೂ ಎರಡೂ ಸೇರಿ ಒಂಬತ್ತಾಗಬೇಕು. ಸಿಲಿಂಡರುಗಳು 1, 3, 4, 2 ಎಂಬ ಸರದಿಯಲ್ಲಿ ಉರಿಯುವ ಈ ಎಂಜಿನ್ನಿನಲ್ಲಿ ಒಂದು ವಾಲ್ವು ಪೂರ್ತಿ ತೆರೆದಾಗ ಅದರ ಜೋಡಿ ಪೂರ್ತಿ ವಿಶ್ರಾಂತಿಯಲ್ಲಿರುತ್ತದೆ. ಇದನ್ನು ಕೇಳಿದಾಗ ನನಗಾದ ಆನಂದ ಒಂದು ಒಳ್ಳೆಯ ಚದುರಂಗ ಸಮಸ್ಯೆಯ ಉತ್ತರ ಹೊಳೆದಾಗಿನ ಆನಂದಕ್ಕೆ ಸಮಾನವಾದದ್ದು. ನಾಲ್ಕನೆಯ ತರಗತಿಯವರೆಗೆ ಓದಿದ ಮನುಷ್ಯ ಅದನ್ನು ಮಗ್ಗಿಯಂತೆ ಹೇಳಿದರು.

ಮುಂದಾಲೋಚನೆಯ ವಿಷಯಕ್ಕೆ ಬಂದರೆ ಕಿಡಿಯ ಗಳಿಗೆಗಿಂತ ಒಳ್ಳೆಯ ಉದಾಹರಣೆ ಚದುರಂಗದಲ್ಲಿಯೂ ಸಿಕ್ಕಲಾರದು. ನಿಮಿಷಕ್ಕೆ 3000 ಸುತ್ತು ತಿರುಗುವಾಗ ಈ ನಾಲ್ಕು ಸಿಲಿಂಡರುಗಳಿಗೆ ಸೆಕೆಂಡಿಗೆ 100 ಕಿಡಿ ಬೇಕು. ಪೆಟ್ರೋಲಿನ ಆವಿ ಒಮ್ಮೆಗೇ ಹೊತ್ತುವುದಿಲ್ಲ; ಬೆಂಕಿ ಹರಡಲು ಹೊತ್ತು ಹಿಡಿಯುತ್ತದೆ. ಅದಕ್ಕಾಗಿ ಪಿಸ್ಟನ್ನು ಮೇಲೆ ಮುಟ್ಟುವುದಕ್ಕೆ ಮುಂಚೆಯೇ ಕಿಡಿ ಹಾರಬೇಕು. ತೀರ ಮುಂಚೆ ಹಾರಿದರೆ ಏರುತ್ತಿರುವ ಪಿಸ್ಟನ್ನಿನ ತಲೆಗೇ ಹೊಡೆತ. ತಡವಾದರೆ ಬಲವೆಲ್ಲ ಬಿಸಿಯಾಗಿ ಹೊಗೆಯ ಕೊಳವೆಯಲ್ಲಿ ಪೋಲು. ಈಗ ಕಾಣುತ್ತಿರುವುದಕ್ಕೆ ಉತ್ತರ ಕೊಡುವುದಲ್ಲ, ಮುಂದೆ ಬರಲಿರುವುದಕ್ಕೆ ಈಗಲೇ ಉತ್ತರ ಕೊಡುವುದು.

ಇನ್ನೊಂದು ಹೋಲಿಕೆಯನ್ನು ನಾನು ಎಲ್ಲಕ್ಕಿಂತ ಮುಖ್ಯವೆಂದು ಎಣಿಸುತ್ತೇನೆ. ಮಣೆಯ ಮೇಲೆ ಆನೆ, ಕುದುರೆ, ಒಂಟೆ, ಮಂತ್ರಿ ಎಲ್ಲವೂ ಮುಂದೆ ಹೋಗಿ ಹಿಂದೆ ಬರಬಲ್ಲವು. ಕಾಲಾಳು ಮಾತ್ರ ಹಿಂದೆ ಬರುವುದಿಲ್ಲ. ಆದುದರಿಂದಲೇ ಬಲ್ಲವರು ಕಾಲಾಳನ್ನು ನಡೆಸುವಾಗ ಮಂತ್ರಿಯನ್ನು ನಡೆಸುವಾಗಿಗಿಂತ ಹೆಚ್ಚು ಹೊತ್ತು ಯೋಚಿಸುತ್ತಾರೆ. ಎಂಜಿನ್ನಿನಲ್ಲಿಯೂ ಎರಡು ಬಗೆಯ ನಡೆಗಳಿವೆ. ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿದರೆ ಕಾಲು ಸುತ್ತು ಹಿಂದಕ್ಕೆ ತಿರುಗಿಸಬಹುದು. ಎಣಿಸಿದ್ದರೆ ಮಾತ್ರ! ಮೇಸ್ತ್ರಿ ಸ್ಕ್ರೂ ಮುಟ್ಟುವ ಮೊದಲು ಅದನ್ನು ಮೆತ್ತಗೆ ಒಳಕ್ಕೆ ಮುಚ್ಚುತ್ತ ಎಷ್ಟು ಸುತ್ತು ತೆರೆದಿತ್ತೆಂದು ಎಣಿಸಿ, ಸೀಮೆಸುಣ್ಣದಿಂದ ಗೋಡೆಯ ಮೇಲೆ ಬರೆದರು. ಡೆಲ್ಕೋವನ್ನು ಸಡಿಲಿಸುವ ಮುನ್ನ ಅದು ಕುಳಿತ ಜಾಗಕ್ಕೆ ಗೀಟು ಹಾಕಿದರು. ಇವು ಹಿಂದಿರುಗಬಲ್ಲ ನಡೆಗಳು. ಆದರೆ ಉಜ್ಜುಕಾಗದ ಹಾಕಿ ನಾನು ಉಜ್ಜಿದ ಪಾಯಿಂಟು, ಅರೆದ ವಾಲ್ವಿನ ಪೀಠ, ಸಾಣೆ ಹಿಡಿದ ಹೆಡ್ಡು — ಲೋಹ ಒಮ್ಮೆ ಹೋದರೆ ಹೋಯಿತು. ಅವು ಕಾಲಾಳಿನ ನಡೆಗಳು. ನನ್ನ ಸಂಜೆಯ ಸಾಹಸದಲ್ಲಿ ನಾನು ಇವೆರಡರ ಭೇದವನ್ನೇ ಅರಿಯದೆ ಎರಡೂ ಕೈಯಿಂದ ಆಡಿದ್ದೆ.

ಹೋಲಿಕೆಯನ್ನು ಎಲ್ಲಿಯವರೆಗೆ ಎಳೆಯಬಹುದು? ಕೆಲವರು ಹಳೆಯ ಎಂಜಿನ್ನನ್ನು ಶತ್ರುವಿನಂತೆ ಮಾತನಾಡಿಸುವುದುಂಟು. ಹಟಮಾರಿ ಎನ್ನುತ್ತಾರೆ, ಸತಾಯಿಸುತ್ತದೆ ಎನ್ನುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ಮಣೆಯ ಆಚೆ ಕುಳಿತವನು ತನ್ನ ಉದ್ದೇಶವನ್ನು ಮುಚ್ಚಿಡುತ್ತಾನೆ. ಎಂಜಿನ್ನು ಏನನ್ನೂ ಮುಚ್ಚಿಡುವುದಿಲ್ಲ. ಪ್ಲಗ್ಗು ಬಿಚ್ಚಿದರೆ ಸಾಕು: ಬಿಸ್ಕತ್ತಿನ ಬಣ್ಣವಿದ್ದರೆ ಕ್ಷೇಮ, ಕಾಡಿಗೆಯಂತಿದ್ದರೆ ಪೆಟ್ರೋಲು ಹೆಚ್ಚು, ಬೂದಿಯಂತೆ ಬೆಳ್ಳಗಿದ್ದರೆ ಕಡಿಮೆ. ಅದು ಎದುರಾಳಿಯಲ್ಲ, ಮಣೆ. ಸೋಲಿಸುವವನು ಬೇರೆ ಯಾರೂ ಇಲ್ಲ. ಇನ್ನೂ ಒಂದು ವ್ಯತ್ಯಾಸವುಂಟು, ಅದು ನಮಗೆ ಅನುಕೂಲವಾದದ್ದು. ಚದುರಂಗದಲ್ಲಿ ಸರದಿ ಬಂದರೆ ನಡೆಯಲೇಬೇಕು. ಯಾವ ನಡೆಯೂ ಕೇಡೇ ಆದಾಗಲೂ ನಡೆಯಬೇಕು. ಗ್ಯಾರೇಜಿನಲ್ಲಿ ಆ ನಿರ್ಬಂಧವಿಲ್ಲ. ಪಾನಾ ಕೆಳಗಿಟ್ಟು ಚಹಾ ಕುಡಿದು ಬರಬಹುದು. ಮೇಸ್ತ್ರಿ ಒಂದು ಸ್ಕ್ರೂ ತಿರುಗಿಸಿ, ಎಂಜಿನ್ನು ಅದಕ್ಕೆ ಉತ್ತರ ಕೊಡುವವರೆಗೂ ಕೈಕಟ್ಟಿ ನಿಲ್ಲುತ್ತಿದ್ದರು. ಆ ನಿಂತ ಹೊತ್ತೇ ನನಗೆ ಮೊದಲು ಸೋಮಾರಿತನವೆಂದು ತೋರಿದ್ದು.

ಇಷ್ಟನ್ನೂ ಓದಿದವರು, ಈಗ ಇದೆಲ್ಲ ಏಕೆ, ಎಂದು ಕೇಳಿಯಾರು. ಪ್ರಶ್ನೆ ನ್ಯಾಯವಾದದ್ದೇ. ಭಾರತ್ ಸ್ಟೇಜ್ 6 ನಿಯಮಗಳು 2020ರ ಏಪ್ರಿಲಿನಲ್ಲಿ ಜಾರಿಗೆ ಬಂದವು. ಇಂದಿನ ಕಾರುಗಳಲ್ಲಿ ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಒಂದು ಸೆನ್ಸರು ಅಳೆಯುತ್ತದೆ, ಕಂಪ್ಯೂಟರು ಕ್ಷಣಕ್ಷಣಕ್ಕೂ ಪೆಟ್ರೋಲನ್ನು ತಿದ್ದುತ್ತದೆ, 14.7 ಪಾಲು ತೂಕದ ಗಾಳಿಗೆ 1 ಪಾಲು ಪೆಟ್ರೋಲು ಎಂಬ ಲೆಕ್ಕದ ಸುತ್ತಮುತ್ತ. ಮನುಷ್ಯನ ಕಿವಿಗೆ ಅದು ಸಾಧ್ಯವಲ್ಲ. ಒಪ್ಪಿದೆ. ಆದರೆ ಚದುರಂಗದ ಗತಿಯೂ ಅದೇ ಆಗಿದೆಯಷ್ಟೆ? 1997ರಲ್ಲಿ ಡೀಪ್ ಬ್ಲೂ ಎಂಬ ಯಂತ್ರವು ಗ್ಯಾರಿ ಕಾಸ್ಪರೋವನನ್ನು ಸೋಲಿಸಿತು. ಈಗ ಜೇಬಿನ ಫೋನೇ ಯಾವ ವಿಶ್ವ ಚಾಂಪಿಯನ್ನನಿಗಿಂತಲೂ ಚೆನ್ನಾಗಿ ಆಡುತ್ತದೆ. ಆದರೂ 2024ರ ಡಿಸೆಂಬರಿನಲ್ಲಿ ಚೆನ್ನೈಯ ಗುಕೇಶ್ ಹದಿನೆಂಟನೆಯ ವಯಸ್ಸಿನಲ್ಲಿ ಸಿಂಗಪುರದಲ್ಲಿ ವಿಶ್ವ ಚಾಂಪಿಯನ್ ಆದಾಗ ನಾವು ನಮ್ಮ ಕಾಲೇಜಿನ ಸೂಚನಾ ಫಲಕದಲ್ಲಿ ಅಭಿನಂದನೆ ಬರೆದೆವು. ಫೋನಿಗಿಂತ ಕೆಳಗಿನವನೆಂದು ಯಾರೂ ಹಂಗಿಸಲಿಲ್ಲ. ಅದು ಸರಿಯೇ. ನನ್ನ ತಕರಾರಿರುವುದು ಆ ನ್ಯಾಯವನ್ನು ಗ್ಯಾರೇಜಿಗೆ ಕೊಡದಿರುವುದರ ಮೇಲೆ. ಮಣೆಯ ಮುಂದೆ ಹತ್ತು ನಡೆ ಮುಂದೆ ನೋಡಿದವನಿಗೆ ಬುದ್ಧಿವಂತನೆಂಬ ಹೆಸರು. ಬಾನೆಟ್ಟಿನ ಕೆಳಗೆ ಹತ್ತು ನಡೆ ಮುಂದೆ ನೋಡಿದವನಿಗೆ "ಕೈ ಪಳಗಿದೆ" ಎಂಬ ಮಾತು, ತಲೆಯೇ ಇಲ್ಲದವನಂತೆ! ನಮ್ಮ ತರಗತಿಗಳಲ್ಲಿ ತರ್ಕಶಾಸ್ತ್ರವನ್ನು ಓದುತ್ತೇವೆ. ಎರಡು ಕಾರಣಗಳನ್ನು ಒಟ್ಟಿಗೆ ಬದಲಿಸಿದರೆ ಯಾವುದರ ಫಲ ಯಾವುದೆಂದು ತಿಳಿಯದೆಂದು ಉತ್ತರಪತ್ರಿಕೆಯಲ್ಲಿ ಬರೆದು ಅಂಕವನ್ನೂ ಪಡೆಯುತ್ತೇವೆ. ಆ ಅಂಕ ನನಗೂ ಬಂದಿತ್ತು. ಬಂದ ಮೇಲೆಯೇ ನಾನು ಆ ಸಂಜೆ ಮೂರು ಕಡೆ ಕೈಹಾಕಿದ್ದು.

ರಿಪೇರಿಯ ಖರ್ಚಿಗೆ ಹೋದದ್ದು ಗಾಡಿಗೆ ಹೊಸ ಬಣ್ಣ ಹೊಡೆಸಬೇಕೆಂದು ತಂದೆಯವರು ಕೂಡಿಟ್ಟಿದ್ದ ಹಣ. ಅದರ ಬಣ್ಣ ಇನ್ನೂ ಹಳೆಯದೇ. ಅಜ್ಜಿಗೆ ಕಣ್ಣು ಬಂತು. ಬಸ್ಸಿನಲ್ಲಿ ಹೋದ ಕಥೆಯನ್ನು ಅವರು ಬಂದವರಿಗೆಲ್ಲ ನಗುತ್ತ ಹೇಳುತ್ತಾರೆ, ನಾನು ಎದುರಿಗಿರುವಾಗ ಇನ್ನಷ್ಟು ವಿಸ್ತಾರವಾಗಿ. ನನ್ನ ಬಳಿ ಈಗ ಒಂದು ಇನ್ನೂರು ಪುಟದ ನೋಟುಪುಸ್ತಕವಿದೆ. ಮುಂದಿನಿಂದ ಚದುರಂಗದ ಆಟಗಳು, ಹಿಂದಿನಿಂದ ಗಾಡಿಯವು.

ಈ ವರ್ಷ ಅಂತರ ಕಾಲೇಜು ಪಂದ್ಯಕ್ಕೆ ಹೋಗುವಾಗ ತಂದೆಯವರು ಗಾಡಿ ಕೊಟ್ಟರು. ನಮ್ಮ ತಂಡದ ಜೊತೆಗೆ ಬಂದಿದ್ದ ಅಧ್ಯಾಪಕರು ಮುಂದಿನ ಸೀಟಿನಲ್ಲಿ ಕುಳಿತಿದ್ದರು. ರೈಲ್ವೆ ಗೇಟಿನಲ್ಲಿ ನಿಂತಾಗ ಅವರು ಕಿವಿಗೊಟ್ಟು, "ಏನೋ ಟಿಕ್ ಟಿಕ್ ಅನ್ನುತ್ತಿದೆಯಲ್ಲಪ್ಪಾ, ಯಾರಿಗಾದರೂ ತೋರಿಸಬಾರದೆ?" ಎಂದರು.

"ಇರಲಿ ಸಾರ್" ಎಂದೆ.